ಹಸಿವಿಲ್ಲದ ದೇವರು, ಅವಸರವಿಲ್ಲದ ರೈಲು

ಮೇಟ್ಟುಪಾಳಯದಿಂದ ಊಟಿಗೆ ಬಸ್ಸು ಎರಡು ಗಂಟೆಯಲ್ಲಿ ಹತ್ತುತ್ತದೆ. ಉಗಿ ಇಂಜಿನ್ನಿನ ರೈಲಿಗೆ ಹತ್ತಿರಹತ್ತಿರ ಐದು ಗಂಟೆ ಬೇಕು. ಟಿಕೆಟ್ಟನ್ನು ಬಹಳ ಮೊದಲೇ ಮಾಡಿಸಿಡಬೇಕು. ಬೇಲೂರಿನ ಕಡೆಯ ಒಂದು ಹಳ್ಳಿಯಲ್ಲಿ ಕೇಶವನ ಅರ್ಚಕರಾಗಿರುವ ನನ್ನ ಭಾವ ಇದನ್ನೆಲ್ಲ ಕೇಳಿ, “ಹೋಗಬೇಕಾದ ಕೆಲಸವೂ ಇಲ್ಲ, ಬೇಗ ಹೋಗೋದೂ ಇಲ್ಲ. ಅದು ರೈಲಲ್ಲ ಕಣೋ, ರೈಲಿನ ವೇಷ” ಎಂದುಬಿಟ್ಟರು.

ಮಾತು ಚುಚ್ಚಿತು. ನಾನು ಅರಸೀಕೆರೆ ಜಂಕ್ಷನ್ನಿನಲ್ಲಿ ಫೈರ್‌ಮನ್ ಆಗಿದ್ದವರ ಮಗ. ಆದರೆ ಮಾತಿನಲ್ಲಿ ಒಂದು ಪ್ರಶ್ನೆಯೂ ಇತ್ತು, ಅದು ರೈಲಿಗಿಂತ ಹೆಚ್ಚಾಗಿ ಭಾವನವರ ಕಸುಬಿಗೇ ಸೇರಿದ್ದು: ಯಾರಿಗೂ ಅಗತ್ಯವಿಲ್ಲದ ಕೆಲಸವೊಂದನ್ನು ಅಷ್ಟೇ ಕಟ್ಟುನಿಟ್ಟಾಗಿ ಮಾಡುತ್ತ ಹೋದರೆ ಅದು ಪೊಳ್ಳೋ, ಪೂಜೆಯೋ?

ಅಪ್ಪನನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ಅವರ ಕಾಲದ ವೈಪಿ, ವೈಜಿ ಇಂಜಿನ್ನುಗಳಿಗೆ ಕೆಲಸವಿತ್ತು. ಬೆಂಗಳೂರು, ಹುಬ್ಬಳ್ಳಿ, ಮೈಸೂರು ಮೂರು ಕಡೆಯ ಮೀಟರ್ ಗೇಜ್ ಹಳಿಗಳು ಅರಸೀಕೆರೆಯಲ್ಲಿ ಸೇರುತ್ತಿದ್ದವು. ಕೊಬ್ಬರಿ ಮೂಟೆ, ಮದುವೆ ದಿಬ್ಬಣ, ವರ್ಗವಾದ ಮೇಷ್ಟ್ರ ಸಾಮಾನು, ಎಲ್ಲವೂ ಅಪ್ಪನ ಸಲಿಕೆಯ ಬಲದಲ್ಲೇ ಮುಂದೆ ಹೋಗಬೇಕು. ತಣ್ಣಗಿದ್ದ ಬಾಯ್ಲರಿನಲ್ಲಿ ಉಗಿ ಏಳಲು ಗಂಟೆಗಟ್ಟಲೆ ಬೇಕು. ಕಲ್ಲಿದ್ದಲನ್ನು ಗುಡ್ಡೆ ಹಾಕುವ ಹಾಗಿಲ್ಲ. ಬೆಂಕಿಗೂಡಿನ ಮೂಲೆಮೂಲೆಗೆ ತೆಳ್ಳಗೆ ಎರಚಬೇಕು. ಗೂಡಿನ ನೆತ್ತಿಯಲ್ಲಿ ಸೀಸ ತುಂಬಿದ ಒಂದು ಬಿರಡೆ ಇರುತ್ತದೆ. ಬಾಯ್ಲರಿನ ನೀರು ಇಳಿದು ಆ ನೆತ್ತಿ ಬರಿದಾದರೆ ಸೀಸ ಕರಗಿ, ಉಗಿ ನೇರ ಬೆಂಕಿಯ ಮೇಲೆ ನುಗ್ಗುತ್ತದೆ. ಸ್ಫೋಟವಾಗುವುದಕ್ಕೆ ಮೊದಲು ಸಿಗುವ ಎಚ್ಚರಿಕೆ ಅದು. ಅದು ಕರಗಿದರೆ ಫೈರ್‌ಮನ್ನಿನ ಮಾನವೂ ಕರಗಿತೆಂದೇ ಲೆಕ್ಕ. ಆಯುಧಪೂಜೆಯ ದಿನ ಮಾತ್ರ ಶೆಡ್ಡಿನಲ್ಲಿ ಇಂಜಿನ್ನಿನ ಮೂತಿಗೆ ವಿಭೂತಿ ಪಟ್ಟೆ, ಕುಂಕುಮ, ಗಾಲಿಯಡಿ ನಿಂಬೆಹಣ್ಣು. ಉಳಿದ ದಿನಗಳಲ್ಲಿ ಅದು ಹೊಟ್ಟೆಪಾಡು. 1990ರ ದಶಕದಲ್ಲಿ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದಾಗ ಅಪ್ಪ ಕಣ್ಣೀರು ಹಾಕಲಿಲ್ಲ. “ಕೆಲಸ ಮುಗೀತು” ಅಂದರು, ಅಷ್ಟೆ.

ಅಪ್ಪ ಬೆರಗಾದದ್ದನ್ನು ನಾನು ನೋಡಿದ್ದು ಹಳೇಬೀಡಿನಲ್ಲಿ. ಗೈಡು ಶಿಲಾಬಾಲಿಕೆಯರ ಒಡವೆ, ರಾಮಾಯಣದ ಪಟ್ಟಿಕೆ ಎಂದು ತೋರಿಸುತ್ತಿದ್ದ. ಅಪ್ಪ ಅತ್ತ ನೋಡದೆ ಒಳಗಿನ ಕಂಬವೊಂದರ ಮುಂದೆ ನಿಂತು, ಅದರ ಉಂಗುರದಂಥ ಗೆರೆಗಳ ಮೇಲೆ ಉಗುರು ಓಡಿಸಿ, “ಇದು ಲೇತ್ ಕೆಲಸ” ಎಂದರು. ನಿಜ. ಹೊಯ್ಸಳರ ಬಳಪದ ಕಲ್ಲಿನ ಕಂಬಗಳನ್ನು ತಿರುಗಿಸಿ ಕಡೆದಿದ್ದಾರೆ. ಗಾಲಿ, ಪಿಸ್ಟನ್ನುಗಳ ನಡುವೆ ಬದುಕಿದ ಮನುಷ್ಯನಿಗೆ ದೇವರಿಗಿಂತ ಮೊದಲು ಕಂಡದ್ದು ಆ ಕೈ. ಭಕ್ತಿ ಅಲ್ಲವೇ ಅದು? ನಾನಂತೂ ಹೌದೆನ್ನುತ್ತೇನೆ.

ಬೇಲೂರು ಹಳೇಬೀಡುಗಳ ನಡುವೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ ಅಷ್ಟೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನಿಗೆ ಇವತ್ತಿಗೂ ನೈವೇದ್ಯ, ಮಂಗಳಾರತಿ, ತೇರು. ಹಳೇಬೀಡಿನ, ಅಂದರೆ ಅಂದಿನ ದೋರಸಮುದ್ರದ, ಹೊಯ್ಸಳೇಶ್ವರ ಶುರುವಾದದ್ದು 1121ರಲ್ಲಿ. 1311ರಲ್ಲಿ ಮಲಿಕ್ ಕಾಫರನ ದಂಡು ಬಂತು, ಆಮೇಲೆ ರಾಜಧಾನಿಯೇ ಹಾಳುಬಿತ್ತು. 2023ರಲ್ಲಿ ಯುನೆಸ್ಕೊ ಸೋಮನಾಥಪುರದ ಜೊತೆಗೆ ಈ ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿತು. ಆದರೆ ಒಂದರ ದೇವರಿಗೆ ದಿನವೂ ಊಟವಾಗಬೇಕು. ಇನ್ನೊಂದನ್ನು ಹೆಚ್ಚಿನವರು ನೋಡಲು ಹೋಗುತ್ತಾರೆ.

ಊಟ ಬೇಡುವ ದೇವರು ಸವೆಯುತ್ತಾನೆ ಕೂಡ. ಚೆನ್ನಕೇಶವ ಬಾಬಾಬುಡನ್ ಗಿರಿಯಲ್ಲಿರುವ ದೇವಿಯನ್ನು ಕಾಣಲು ಹೋಗಿಬರುತ್ತಾನೆ, ಹೋಗಿಬಂದು ಅವನ ಚಪ್ಪಲಿ ಸವೆಯುತ್ತದೆ, ಹೊಸ ಜೋಡಿಯನ್ನು ಚಮ್ಮಾರರು ಹೊಲಿದು ತರಬೇಕು ಎಂಬ ನಂಬಿಕೆ ಹಳೆಯ ಮೈಸೂರು ಗೆಜೆಟಿಯರಿನಲ್ಲೂ ದಾಖಲಾಗಿದೆ. ನನಗೆ ಬೇಲೂರಿನ ಎಲ್ಲ ಶಿಲ್ಪಗಳಿಗಿಂತ ಇಷ್ಟವಾದದ್ದು ಈ ಚಪ್ಪಲಿ. ಗುಡಿಯೂ ಹಾಗೆಯೇ. ಸುಟ್ಟುಹೋದ ಹೆಬ್ಬಾಗಿಲ ಗೋಪುರವನ್ನು ವಿಜಯನಗರದ ಕಾಲದಲ್ಲಿ, 1397ರಲ್ಲಿ, ಮತ್ತೆ ಕಟ್ಟಿದರು. ಗರ್ಭಗುಡಿಯ ಮೇಲಿದ್ದ ಇಟ್ಟಿಗೆ ಮರದ ಶಿಖರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ, ಕೆಳಗಿನದನ್ನು ಉಳಿಸಲೆಂದು ಇಳಿಸಿಬಿಟ್ಟರು. ಆಗಮದವರಿಗೆ ಇದರಲ್ಲಿ ಗಾಬರಿಯಿಲ್ಲ. ಗುಡಿ ಜೀರ್ಣವಾದರೆ ದೇವರ ಕಳೆಯನ್ನು ಕಲಶಕ್ಕೆ ಇಳಿಸಿ, ತಾತ್ಕಾಲಿಕ ಗುಡಿಯಾದ ಬಾಲಾಲಯದಲ್ಲಿಟ್ಟು ಪೂಜೆ ನಡೆಸಿ, ಕೆಲಸ ಮುಗಿದ ಮೇಲೆ ವಾಪಸು ತುಂಬುತ್ತಾರೆ. ಕಲ್ಲು ಬದಲಾಗಬಹುದು, ಪೂಜೆ ಕಡಿಯಬಾರದು.

ಊಟಿಗೆ ಹೋಗುವ ನೀಲಗಿರಿ ರೈಲಿನ ಇಂಜಿನ್ನುಗಳ ಬಗ್ಗೆ ರೈಲುಪ್ರಿಯರು ಜಗಳವಾಡುವುದು ಈ ಬದಲಾವಣೆಯ ವಿಷಯದಲ್ಲೇ. ಎಕ್ಸ್ ವರ್ಗದ ಮೂಲ ಇಂಜಿನ್ನುಗಳು ಸ್ವಿಟ್ಜರ್ಲೆಂಡಿನ ವಿಂಟರ್‌ತೂರ್‌ನಲ್ಲಿ ಆದವು. ಕೆಲವಕ್ಕೆ ಕಲ್ಲಿದ್ದಲು ಬಿಡಿಸಿ ಎಣ್ಣೆ ಉರಿ ಹಾಕಿದರು. ಇತ್ತೀಚೆಗೆ ತಿರುಚ್ಚಿಯ ಗೋಲ್ಡನ್ ರಾಕ್ ಕಾರ್ಖಾನೆಯಲ್ಲಿ ಹೊಸದಾಗಿಯೇ ಕೆಲವನ್ನು ಕಟ್ಟಿದರು. ಇವು ಅಸಲಿಯೇ ಎಂದು ಕೇಳುವವರು ಬೇಲೂರಿನ ಗೋಪುರವನ್ನೂ ಕೇಳಲಿ. ಮೈಸೂರಿನ ರೈಲು ಸಂಗ್ರಹಾಲಯದಲ್ಲಿ ನಿಂತಿರುವ ಇಂಜಿನ್ನುಗಳು ಅಸಲಿಯೇ. ಬಣ್ಣವೂ ಚೆನ್ನಾಗಿದೆ, ಮಕ್ಕಳು ಹತ್ತಿ ಇಳಿಯುತ್ತವೆ. ಅವುಗಳಲ್ಲಿ ಸವೆಯುವುದು ಏನೂ ಇಲ್ಲ.

ಮೇಟ್ಟುಪಾಳಯದಿಂದ ಕೂನೂರಿನವರೆಗೆ 1899ರಲ್ಲಿ, ಊಟಿಯವರೆಗೆ 1908ರಲ್ಲಿ ತೆರೆದ ನೀಲಗಿರಿಯ ದಾರಿ 46 ಕಿಲೋಮೀಟರಿನದು. ಕಲ್ಲಾರ್ ದಾಟಿದ ಮೇಲೆ ಕೂನೂರಿನವರೆಗೆ ಹೆಚ್ಚುಕಡಿಮೆ ಹನ್ನೆರಡು ಅಡಿ ಹೋಗುವಷ್ಟರಲ್ಲಿ ಒಂದಡಿ ಏರಬೇಕು. ಹಳಿಗಳ ನಡುವೆ ಹಲ್ಲಿನ ಪಟ್ಟಿ, ಅದನ್ನು ಕಚ್ಚಿಕೊಂಡು ಇಂಜಿನ್ನಿನ ಹಲ್ಲುಚಕ್ರ. ಇಂಜಿನ್ ಎಳೆಯುವುದಿಲ್ಲ, ಕೆಳಗಿನಿಂದ ತಳ್ಳುತ್ತದೆ. ಹಾಗಾಗಿ ಡಬ್ಬಿಗಳಲ್ಲಿ ಒಬ್ಬೊಬ್ಬ ಬ್ರೇಕ್ಸ್‌ಮನ್ ನಿಂತಿರುತ್ತಾನೆ, ಕೈಯಲ್ಲಿ ಬಾವುಟ, ಮಗ್ಗುಲಲ್ಲಿ ಕೈ ಬ್ರೇಕು. ನಾನು ಹೋದ ದಿನ ಹಿಲ್‌ಗ್ರೋವ್ ನಿಲ್ದಾಣದಲ್ಲಿ ಇಂಜಿನ್ ನೀರು ಕುಡಿಯಿತು. ನಾವೆಲ್ಲ ಇಳಿದು ಫೋಟೋ ತೆಗೆದುಕೊಂಡೆವು. ಇಂಜಿನ್ನಿನದು ಕಡಿಮೆ, ಇಂಜಿನ್ನಿನ ಮುಂದೆ ನಿಂತ ನಮ್ಮದೇ ಹೆಚ್ಚು. ಕಣಿವೆಯ ಬದಿಯ ಕಿಟಕಿಗಾಗಿ ಎರಡು ಸಂಸಾರಗಳು ಮಾತಿಗೆ ಮಾತು ಬೆಳೆಸಿದವು.

ಊರಿಗೆ ಬಂದು ನನ್ನ ವಾದ ಮಂಡಿಸಿದೆ. “ಭಾವ, ನಿಮ್ಮ ಕೇಶವನಿಗೆ ಹಸಿವಿಲ್ಲ. ಅವನಿಗೆ ಸ್ನಾನ ಬೇಕಿಲ್ಲ, ನಿದ್ದೆ ಬೇಕಿಲ್ಲ. ಆದರೂ ಹದಿನಾರು ಉಪಚಾರ ಮಾಡ್ತೀರಿ. ಅಪ್ಪನ ರೈಲಿಗೆ ಅಗತ್ಯವಿತ್ತು, ಅದಕ್ಕೇ ಅದು ವ್ಯಾಪಾರ. ಊಟಿ ರೈಲಿಗೆ ಅಗತ್ಯವಿಲ್ಲ, ಆದರೂ ಒಂದು ಹಲ್ಲೂ ತಪ್ಪದ ಹಾಗೆ ನಡೆಸ್ತಾರೆ. ನಿಮ್ಮ ಕೆಲಸಕ್ಕೆ ಹತ್ತಿರವಾದದ್ದು ಯಾವುದು?”

ಅವರು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: “ಉಪಚಾರದಲ್ಲಿ ಎದುರಿಗೆ ಒಬ್ಬ ಇರ್ತಾನೆ. ನಿನ್ನ ರೈಲಿನಲ್ಲಿ ಯಾರಿದ್ದಾರೆ? ನಿನ್ನ ಬಾಲ್ಯ. ನಿನ್ನ ಅಪ್ಪ. ಅಂದರೆ ನೀನೇ. ನೀನೇ ದೇವರು, ನೀನೇ ಅರ್ಚಕ, ಪ್ರಸಾದವೂ ನಿನಗೇ.”

ಇದಕ್ಕೆ ಉತ್ತರ ಕೊಡುವುದು ಸುಲಭವಲ್ಲ. ಹಳೆಯದನ್ನು ಕಂಡು ಕರಗುವ ನಮ್ಮ ಕಾಲದ ಮನಸ್ಸಿನಲ್ಲಿ ಬಹುಪಾಲು ಆತ್ಮಮರುಕವೇ. ಆದರೂ ನಾನು ಬ್ರೇಕ್ಸ್‌ಮನ್‌ನ ಮಾತೆತ್ತಿದೆ. ಇಡೀ ಡಬ್ಬಿ ಕಣಿವೆ ನೋಡಿ ಕೂಗುತ್ತಿದ್ದಾಗ ಅವನೊಬ್ಬ ಹಳಿಯಿಂದ ಕಣ್ಣು ತೆಗೆಯಲಿಲ್ಲ. ಅವನ ಎದುರಿಗೆ ಅವನ ಬಾಲ್ಯವಿರಲಿಲ್ಲ. “ಅವನಿಗೆ ಸಂಬಳ ಬರುತ್ತೆ” ಎಂದರು ಭಾವ. “ನಿಮಗೆ ತಸ್ತೀಕು ಬರಲ್ಲವೇ?” ಎಂದೆ. ಮುಜರಾಯಿ ಇಲಾಖೆ ಗುಡಿಗಳಿಗೆ ಕೊಡುವ ತಸ್ತೀಕಿನ ಮಾತು ಬಂದರೆ ಭಾವ ಅರ್ಧ ಗಂಟೆ ಸರ್ಕಾರವನ್ನು ಬಯ್ಯುವುದು ವಾಡಿಕೆ, ಬೈದರು.

ಬೈದು ಮುಗಿಸಿ ಅವರು ಹಾಕಿದ ಪಟ್ಟು ಇನ್ನೂ ಗಟ್ಟಿ. ಗುಡಿಯ ಪೂಜೆ ಪರಾರ್ಥ ಪೂಜೆ, ಲೋಕಕ್ಕಾಗಿ ಮಾಡುವುದು. ಆಷಾಢದ ಮಳೆಯಲ್ಲಿ ಒಂದು ನರಪಿಳ್ಳೆ ಬಾರದಿದ್ದರೂ ದೀಪ ಹಚ್ಚಲೇಬೇಕು. “ನೋಡೋರಿಲ್ಲದ ದಿನ ನಿನ್ನ ರೈಲು ಓಡುತ್ತೋ?” ಓಡುವುದಿಲ್ಲ. ಅಲ್ಲಿ ಹೋಲಿಕೆ ಮುರಿಯುತ್ತದೆ, ಒಪ್ಪಿದೆ. ಆದರೆ ಈಶಾನ್ಯ ಮಾರುತದ ಮಳೆಗೆ ಆ ದಾರಿಯ ಮೇಲೆ ಗುಡ್ಡ ಜರಿದು ರೈಲು ರದ್ದಾಗುವುದು ಆಗಾಗ ಉಂಟು. ಆಗ ಪ್ರಯಾಣಿಕರಿಲ್ಲ, ಕ್ಯಾಮೆರಾ ಇಲ್ಲ. ಬಂಡೆ ಒಡೆದು ಸರಿಸುವ ಗ್ಯಾಂಗ್‌ಮನ್‌ಗಳಿರುತ್ತಾರೆ, ಕೂನೂರಿನ ಶೆಡ್ಡಿನಲ್ಲಿ ಇಂಜಿನ್ನಿನ ರಿಪೇರಿಯಿರುತ್ತದೆ.

“ಓಡದ ದಿನ ಬೆಂಕಿ ಆರಿಸ್ತಾರೇನು?” ಭಾವ ಕಸುಬಿನವರ ಹಾಗೆ ಕೇಳಿದರು.

ಅಪ್ಪನ ಶೆಡ್ಡಿನಲ್ಲಿ ಆರಿಸಲೇಬೇಕಿತ್ತು. ಬೆಂಕಿ ಕೆಡವಿ, ಬಾಯ್ಲರು ತಣಿಸಿ, ಒಳಗೆ ಕಟ್ಟಿದ ಗಸಿಯನ್ನೆಲ್ಲ ನೀರು ಹೊಡೆದು ತೊಳೆದು, ಮತ್ತೆ ಹೊಸದಾಗಿ ಹಚ್ಚುವುದು. ತೊಳೆಯದ ಬಾಯ್ಲರಿನಲ್ಲಿ ಎಷ್ಟು ಇದ್ದಲು ಸುರಿದರೂ ಉಗಿ ಸರಿಯಾಗಿ ಏಳುವುದಿಲ್ಲ.

“ನಾವೂ ಗ್ರಹಣದಲ್ಲಿ ಬಾಗಿಲು ಹಾಕಿ, ಬಿಟ್ಟ ಮೇಲೆ ಎಲ್ಲ ತೊಳೆದು ಪೂಜೆ ಶುರು ಮಾಡ್ತೀವಿ,” ಎಂದರು ಭಾವ. “ಅಷ್ಟರಮಟ್ಟಿಗೆ ಒಪ್ಪಿದೆ. ಆ ಶೆಡ್ಡಿನವರದ್ದು ಸೇವೆ. ನಿನ್ನ ಟಿಕೆಟ್ಟಿನ ವಿಷಯ ಮಾತ್ರ ನಾನು ಒಪ್ಪಲ್ಲ.”