ಮೂಲೆಯಲ್ಲಿ ನಿಂತವನ ಟವೆಲ್

ನಷ್ಟದ ವ್ಯಾಪಾರಕ್ಕೆ ಬೀಗ ಹಾಕಿದವರನ್ನೂ ಚುನಾವಣೆಯಿಂದ ಹಿಂದೆ ಸರಿದವರನ್ನೂ ಇಂಗ್ಲಿಷಿನವರು ‘ಥ್ರೋ ಇನ್ ದ ಟವೆಲ್’ ಎಂಬ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಟವೆಲ್ ಎಸೆದ, ಅಂದರೆ ಸೋಲೊಪ್ಪಿ ಕೈಚೆಲ್ಲಿದ. ಹೇಳುವ ದನಿಯಲ್ಲಿ ಎಷ್ಟೋ ಸಲ ತಾತ್ಸಾರವೂ ಇರುತ್ತದೆ. ಆ ತಾತ್ಸಾರ ನನಗೆ ಒಪ್ಪಿಗೆಯಿಲ್ಲ. ಈ ಮಾತು ಹುಟ್ಟಿದ್ದು ಬಾಕ್ಸಿಂಗ್ ಕಣದಲ್ಲಿ. ಅಲ್ಲಿ ಗುದ್ದಾಡುವವನ ಎರಡೂ ಕೈಗೆ ಗ್ಲೌಸ್ ಬಿಗಿದಿರುತ್ತದೆ. ಟವೆಲ್ ಇರುವುದು ಮೂಲೆಯಲ್ಲಿ ನಿಂತ ಅವನ ತರಬೇತುದಾರನ ಹತ್ತಿರ.

ಮೊದಲು ಎಸೆಯುತ್ತಿದ್ದುದು ಸ್ಪಂಜು. 19ನೇ ಶತಮಾನದ ಇಂಗ್ಲೆಂಡಿನ ಬರಿಗೈ ಗುದ್ದಾಟದಲ್ಲಿ ಸುತ್ತಿಗೆ ಕಾಲಮಿತಿ ಇರಲಿಲ್ಲ. ಒಬ್ಬ ನೆಲಕ್ಕೆ ಬಿದ್ದಾಗ ಸುತ್ತು ಮುಗಿಯುತ್ತಿತ್ತು. ಅರ್ಧ ನಿಮಿಷದ ಬಿಡುವಿನಲ್ಲಿ ಸಹಾಯಕರು ಸ್ಪಂಜಿನಿಂದ ಅವನ ರಕ್ತ ಒರೆಸಿ ಮತ್ತೆ ಎಬ್ಬಿಸುತ್ತಿದ್ದರು. ಇನ್ನು ಇವನ ಕೈಲಾಗದು ಅನ್ನಿಸಿದಾಗ ಅದೇ ಸ್ಪಂಜನ್ನು ಮೇಲಕ್ಕೆ ತೂರುತ್ತಿದ್ದರು. ಟವೆಲ್ ಬಂದದ್ದು ಆಮೇಲೆ.

1975ರ ಅಕ್ಟೋಬರ್ 1ರಂದು ಫಿಲಿಪ್ಪೀನ್ಸಿನಲ್ಲಿ ಮಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಬೆಳಗಿನ ಸೆಕೆಯಲ್ಲಿ 14 ಸುತ್ತು ಹೊಡೆದಾಡಿದ್ದರು. ಫ್ರೇಜಿಯರ್ ಅವರ ಎಡಗಣ್ಣಿನ ದೃಷ್ಟಿ ಮೊದಲೇ ಮಂದ. ಬಲಗಣ್ಣು ಅಂದು ಊದಿ ಮುಚ್ಚಿಕೊಳ್ಳುತ್ತಿತ್ತು. ಎದುರಿನಿಂದ ಬರುವ ಹೊಡೆತವೇ ಕಾಣದು. ಉಳಿದದ್ದು ಒಂದೇ ಸುತ್ತು, ಮೂರು ನಿಮಿಷ. ಆಡುತ್ತೇನೆಂದು ಅವರು ಹಟ ಹಿಡಿದರೂ ತರಬೇತುದಾರ ಎಡ್ಡಿ ಫಚ್ ಬಿಡಲಿಲ್ಲ, ಪಂದ್ಯ ನಿಲ್ಲಿಸಿದರು. ಟವೆಲ್ ಹಾರಿತೋ ಇಲ್ಲವೋ, ಈ ಮಾತಿನ ತಿರುಳು ಅದೇ. ನಿಲ್ಲಿಸದಿದ್ದರೆ ಏನಾದೀತು? 1982ರ ನವೆಂಬರಿನಲ್ಲಿ ಕೊರಿಯಾದ ಬಾಕ್ಸರ್ ಕಿಮ್ ಡುಕ್-ಕೂ ಲಾಸ್ ವೇಗಸ್‌ನಲ್ಲಿ 14ನೇ ಸುತ್ತಿಗೂ ಎದ್ದು ಹೋದರು. ಆ ಸುತ್ತಿನಲ್ಲಿ ಕುಸಿದವರು ಕೆಲವೇ ದಿನಗಳಲ್ಲಿ ತೀರಿಕೊಂಡರು. ವಿಶ್ವ ಬಾಕ್ಸಿಂಗ್ ಮಂಡಳಿ ತನ್ನ ಪ್ರಶಸ್ತಿ ಪಂದ್ಯಗಳನ್ನು 15ರಿಂದ 12 ಸುತ್ತಿಗೆ ಇಳಿಸಿದ್ದು ಆ ಸಾವಿನ ನಂತರ.

ಇಷ್ಟಾದರೂ ಎಸೆದವರಿಗೆ ಬೈಗುಳ ತಪ್ಪಿಲ್ಲ. 2020ರ ಫೆಬ್ರವರಿಯಲ್ಲಿ ಟೈಸನ್ ಫ್ಯೂರಿಯ ಗುದ್ದಿಗೆ ಡಿಯಾಂಟೆ ವೈಲ್ಡರ್ ತತ್ತರಿಸುತ್ತಿದ್ದರು, ಕಿವಿಯಿಂದ ರಕ್ತ ಬರುತ್ತಿತ್ತು. ಏಳನೇ ಸುತ್ತಿನಲ್ಲಿ ವೈಲ್ಡರ್ ಅವರ ಮೂಲೆಯಲ್ಲಿದ್ದ ತರಬೇತುದಾರ ಮಾರ್ಕ್ ಬ್ರೆಲ್ಯಾಂಡ್ ಟವೆಲ್ ಎಸೆದರು. 1984ರ ಒಲಿಂಪಿಕ್ಸ್‌ನಲ್ಲಿ ತಾವೇ ಚಿನ್ನ ಗೆದ್ದಿದ್ದ ಅವರಿಗೆ ಗುದ್ದಿನ ತೂಕ ತಿಳಿಯದ್ದೇನಲ್ಲ. ವೈಲ್ಡರ್ ಕೆಂಡವಾದರು, ಬ್ರೆಲ್ಯಾಂಡ್ ಕೆಲಸ ಕಳೆದುಕೊಂಡರು. ಮರುವರ್ಷದ ಅಕ್ಟೋಬರಿನಲ್ಲಿ ಅದೇ ವೈಲ್ಡರ್ ಅದೇ ಫ್ಯೂರಿಯ ಎದುರು ಮತ್ತೆ ಕಣಕ್ಕಿಳಿದು 11ನೇ ಸುತ್ತಿನವರೆಗೆ ಸೆಣಸಿದರು.