ವೇಷದ ವಿದ್ಯೆ, ಶ್ರುತಿಯ ಸತ್ಯ

ಪದವಿ ತರಗತಿಯಲ್ಲಿ ನಾಟಕವನ್ನೂ, ಮಾತು ಹಾಡು ಕುಣಿತಗಳು ಕೂಡಿ ಕತೆಯನ್ನು ಮುನ್ನಡೆಸುವ ಸಂಗೀತ ನಾಟಕವನ್ನೂ ಮುಖ್ಯ ವಿಷಯವಾಗಿ ಅಭ್ಯಾಸ ಮಾಡುವವರ ಎದುರಿಗೆ ಉದ್ಯೋಗದ ಚಿಂತೆಗಿಂತ ಹಳೆಯದಾದ ಪ್ರಶ್ನೆಯೊಂದಿದೆ: ತನ್ನದಲ್ಲದ ದುಃಖಕ್ಕೆ ಅಳುವುದನ್ನು, ಪರರ ಹೆಸರಿನಲ್ಲಿ ಪ್ರತಿಜ್ಞೆ ಮಾಡುವುದನ್ನು ಶ್ರದ್ಧೆಯಿಂದ ರೂಢಿಸಿಕೊಳ್ಳುವ ಮನುಷ್ಯ ಸತ್ಯಕ್ಕೆ ಎರವಾಗುತ್ತಾನೆಯೇ, ಇಲ್ಲವೇ ಸತ್ಯಕ್ಕೆ ಹತ್ತಿರವಾಗುತ್ತಾನೆಯೇ?

ಈ ಪ್ರಶ್ನೆಗೆ ಕ್ರೈಸ್ತ ಧರ್ಮವೊಂದರಲ್ಲೇ ಎರಡು ಉತ್ತರಗಳು ದೊರೆತಿವೆ. ಕ್ರಿ.ಶ. 200ರ ಆಸುಪಾಸಿನಲ್ಲಿ ಕಾರ್ಥೇಜಿನ ಕ್ರೈಸ್ತ ಲೇಖಕ ಟರ್ಟುಲಿಯನ್, ಸತ್ಯಸ್ವರೂಪಿಯಾದ ದೇವರು ನಟನ ಹುಸಿ ದನಿಯನ್ನಾಗಲಿ ಹುಸಿ ಕಣ್ಣೀರನ್ನಾಗಲಿ ಮೆಚ್ಚಲಾರನೆಂದು ವಾದಿಸಿದನು. ಅದೇ ಧರ್ಮದ ಜೆಸುಯಿಟ್ ಸಂಘವು 1599ರ ತನ್ನ ಶಿಕ್ಷಣ ನಿಯಮಾವಳಿಯಲ್ಲಿ, ಲ್ಯಾಟಿನ್ ಭಾಷೆಯಲ್ಲಿರಬೇಕು, ವಸ್ತು ಪವಿತ್ರವಾಗಿರಬೇಕು ಎಂಬ ಕಟ್ಟುಗಳೊಡನೆ, ಶಾಲೆಗಳಲ್ಲಿ ನಾಟಕಕ್ಕೆ ಸ್ಥಳ ಕೊಟ್ಟಿತು. ಬೆಂಗಳೂರಿನ ದಂಡು ಪ್ರದೇಶದಲ್ಲಿ 1882ರಲ್ಲಿ ಫ್ರೆಂಚ್ ಪಾದ್ರಿಗಳು ತೆರೆದ ಸಂತ ಜೋಸೆಫರ ಕಾಲೇಜು 1937ರಲ್ಲಿ ಇದೇ ಜೆಸುಯಿಟರ ಕೈಸೇರಿತು. ಅದೇ ದಂಡಿನ ಮ್ಯೂಸಿಯಂ ರಸ್ತೆಯ ಗುಡ್ ಶೆಫರ್ಡ್ ಸಭಾಂಗಣದಲ್ಲಿ ನಾಟಕಗಳು ನಡೆಯುತ್ತ ಬಂದವು. ದಂಡಿನ ಅಂಚಿನಾಚೆ ಹೊಸೂರು ರಸ್ತೆಯಲ್ಲಿ ಕಾರ್ಮೆಲ್ ಸಭೆಯ ಪಾದ್ರಿಗಳು ನಡೆಸುವ ಕ್ರೈಸ್ಟ್ ವಿಶ್ವವಿದ್ಯಾಲಯವು ಪ್ರದರ್ಶನ ಕಲೆಯನ್ನು ಇಂಗ್ಲಿಷ್ ಹಾಗೂ ಮನಶ್ಶಾಸ್ತ್ರದೊಡನೆ ಜೋಡಿಸಿ ಬಿ.ಎ. ಪದವಿಗೆ ಕಲಿಸಿದೆ. ಟರ್ಟುಲಿಯನ್ನನ ಆಕ್ಷೇಪವನ್ನು ಈ ಸಂಸ್ಥೆಗಳು ಆಚರಣೆಯಲ್ಲಿ ಬದಿಗೆ ಸರಿಸಿದವು ನಿಜ, ಆದರೆ ಬದಿಗೆ ಸರಿಸಿದ ಮಾತ್ರಕ್ಕೆ ಆಕ್ಷೇಪಕ್ಕೆ ಉತ್ತರ ಕೊಟ್ಟಂತಾಗುವುದಿಲ್ಲ.

ಉತ್ತರವನ್ನು ಹುಡುಕುವವರು ಭರತನ ನಾಟ್ಯಶಾಸ್ತ್ರದ ಮೊದಲ ಅಧ್ಯಾಯವನ್ನು ಗಮನವಿಟ್ಟು ಓದಬೇಕು. ಬ್ರಹ್ಮನು ಋಗ್ವೇದದಿಂದ ಪಾಠ್ಯವನ್ನು, ಸಾಮದಿಂದ ಗೀತವನ್ನು, ಯಜುಸ್ಸಿನಿಂದ ಅಭಿನಯವನ್ನು, ಅಥರ್ವದಿಂದ ರಸವನ್ನು ತೆಗೆದು ನಾಟ್ಯವೇದವನ್ನು ರಚಿಸಿದನೆಂಬ ಭಾಗ ಎಲ್ಲರಿಗೂ ಪರಿಚಿತ. ಹೆಚ್ಚು ಮುಖ್ಯವಾದದ್ದು ಅದರ ನಂತರದ್ದು. ಗ್ರಹಿಸುವುದು, ನೆನಪಿನಲ್ಲಿ ಧರಿಸುವುದು, ಅರಿಯುವುದು, ಪ್ರಯೋಗಿಸುವುದು ಎಂಬ ನಾಲ್ಕರಲ್ಲೂ ದೇವತೆಗಳು ಅಸಮರ್ಥರೆಂದು ಇಂದ್ರನೇ ಒಪ್ಪಿಕೊಂಡದ್ದರಿಂದ ಆ ವಿದ್ಯೆ ಭರತನಿಗೂ ಅವನ ನೂರು ಮಕ್ಕಳಿಗೂ ಬಂತು. ಮೊದಲ ಪ್ರಯೋಗದಲ್ಲಿ ತಮ್ಮ ಸೋಲನ್ನು ಕಂಡು ಕೆರಳಿದ ದೈತ್ಯರು ನಟರ ಮಾತನ್ನೂ ಚಲನೆಯನ್ನೂ ಸ್ಮೃತಿಯನ್ನೂ ಸ್ತಂಭಿಸಿದಾಗ, ನಾಟ್ಯವು ಯಾರೊಬ್ಬರ ಪರವೂ ಅಲ್ಲ, ಅದು ಮೂರು ಲೋಕಗಳ ಭಾವಗಳ ಅನುಕೀರ್ತನ, ಅಂದರೆ ಮರಳಿ ನಿರೂಪಿಸುವಿಕೆ ಎಂದು ಬ್ರಹ್ಮನು ಸಮಾಧಾನ ಹೇಳಿದನು. ಕ್ರಿ.ಶ. 1000ದ ಸುಮಾರಿನ ಕಾಶ್ಮೀರದ ವ್ಯಾಖ್ಯಾನಕಾರ ಅಭಿನವಗುಪ್ತನು ಈ ಎಳೆಯನ್ನು ಮುಂದುವರಿಸಿ, ರಂಗದ ಮೇಲಿನ ಶೋಕವು ನನ್ನದು, ಶತ್ರುವಿನದು, ಮತ್ತೊಬ್ಬನದು ಎಂಬ ಗಡಿಗಳನ್ನು ಕಳಚಿಕೊಂಡು ಎಲ್ಲರದೂ ಆಗುವುದನ್ನು ಸಾಧಾರಣೀಕರಣವೆಂದು ವಿವರಿಸಿದನು. ಹಾಗಾದರೆ ನಟನು ಹೇಳುವುದು ಸುಳ್ಳಲ್ಲ, ಏಕೆಂದರೆ ಸುಳ್ಳಿಗೆ ನಂಬಿಸುವ ಉದ್ದೇಶವೂ ಮರೆಯೂ ಬೇಕು. ನಟನಾದರೋ ವೇಷ ಹಾಕಿದ್ದೇನೆಂದು ಸಾರಿಯೇ ವೇಷ ಹಾಕುತ್ತಾನೆ.

ಕನ್ನಡದಲ್ಲಿ ಈ ವಿಚಾರವನ್ನು ಬಾಳಿ ತೋರಿಸಿದವನು ಹನ್ನೆರಡನೆಯ ಶತಮಾನದ ಬಹುರೂಪಿ ಚೌಡಯ್ಯ. ಒಳಗಿನ ಆಚಾರವಿಲ್ಲದ ವೇಷವನ್ನು ಶರಣರು ಕಟುವಾಗಿ ಖಂಡಿಸಿದರು. ಆದರೂ ಬಗೆಬಗೆಯ ರೂಪ ತೊಟ್ಟು ಆಡುವುದನ್ನೇ ಕಾಯಕವಾಗಿ, ಎಂದರೆ ಅರ್ಪಣಾಭಾವದ ದುಡಿಮೆಯಾಗಿ ಉಳ್ಳವನು ಅವರಲ್ಲಿ ಒಬ್ಬನಾಗಿದ್ದು, ರೇಕಣ್ಣಪ್ರಿಯ ನಾಗಿನಾಥ ಎಂಬ ಅಂಕಿತದಲ್ಲಿ ವಚನಗಳನ್ನು ನುಡಿದನು. ಜೀವನದಲ್ಲಿ ವೇಷವನ್ನು ಮರೆಮಾಚುವವನಿಗೂ ಅಂಗಳದಲ್ಲಿ ಅದನ್ನು ತೆರೆದು ತೋರುವವನಿಗೂ ಇರುವ ಅಂತರ ಶರಣರಿಗೆ ಸ್ಪಷ್ಟವಾಗಿತ್ತೆಂದು ಇದರಿಂದ ಊಹಿಸಬಹುದು.

ಸಂಗೀತ ನಾಟಕದಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. ಜಡಭರತರ ‘ಸತ್ತವರ ನೆರಳು’ ನಾಟಕವು ಮಠದ ಅಧಿಕಾರವನ್ನು ಪ್ರಶ್ನಿಸುವಂಥದು; ನಿರ್ದೇಶಕ ಬಿ.ವಿ. ಕಾರಂತರು ಅದರೊಳಗೆ ಪುರಂದರದಾಸರ ಪದಗಳನ್ನು ಹೆಣೆದರು. ಭಜನೆಯಲ್ಲಿ ಪ್ರಾರ್ಥನೆಯಾಗಿದ್ದ ಪದವು ರಂಗದಲ್ಲಿ ಪ್ರಾರ್ಥನೆಯಾಗಿಯೇ ಉಳಿಯುವುದೇ, ಹಾಡುವ ವಿದ್ಯಾರ್ಥಿನಿ ದೇವರನ್ನು ನಂಬದವಳಾದರೆ ಅಥವಾ ಬೇರೆ ದೇವರನ್ನು ನಂಬುವವಳಾದರೆ ಆ ಹಾಡು ಹುಸಿಯಾಗುವುದೇ? ಕಣ್ಣೀರನ್ನು ನಟಿಸಬಹುದು, ಶ್ರುತಿಯನ್ನು ನಟಿಸಲಾಗದು. ಪಂಚಮದಲ್ಲಿ ನಿಂತ ದನಿ ನಿಜವಾಗಿಯೇ ಪಂಚಮದಲ್ಲಿ ನಿಂತಿರುತ್ತದೆ, ಅದಕ್ಕೆ ಬೇಕಾದ ಉಸಿರು ಹಾಡುವವಳದೇ ಆಗಿರುತ್ತದೆ. ಆದುದರಿಂದ ಸಂಗೀತ ನಾಟಕವು ತೋರಿಕೆಯ ನಡುವೆ ಒಂದು ತೋರಿಕೆಯಲ್ಲದ ಕ್ರಿಯೆಯನ್ನು ಇರಿಸಿಕೊಂಡಿದೆ. ಬೇರೆಯವರ ಭಕ್ತಿಯನ್ನು ನಿಜವಾದ ಉಸಿರಿನಿಂದ ಹೊರುವ ಈ ಸಾಧನೆಯನ್ನು, ಅನೇಕ ಮತಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ದಂಡಿನ ಕಾಲೇಜುಗಳಲ್ಲಿ ಬರಿಯ ಕೌಶಲವೆಂದು ಎಣಿಸುವುದು ಅನ್ಯಾಯ. ಹಾಡುವವಳು ತನ್ನ ಮತವನ್ನು ಬಿಡುವುದಿಲ್ಲ, ದಾಸರ ಆರ್ತತೆಯನ್ನು ಅಣಕಿಸುವುದೂ ಇಲ್ಲ.

ಈ ಸಾಧನೆಯನ್ನು ಅಂಕಗಳಲ್ಲಿ ಅಳೆಯುವ ಬಗೆ ಯಾವುದು ಎಂಬುದು ವಿಶ್ವವಿದ್ಯಾಲಯಗಳ ನಿಜವಾದ ತೊಡಕು. ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯವು ಸಿದ್ಧಿಯನ್ನು, ಎಂದರೆ ಪ್ರಯೋಗದ ಸಾಫಲ್ಯವನ್ನು, ಮಾನುಷಿ ಮತ್ತು ದೈವಿಕಿ ಎಂದು ವಿಂಗಡಿಸಿ, ಪ್ರೇಕ್ಷಕರ ನಗು, ಉದ್ಗಾರ, ರೋಮಾಂಚಗಳಿಂದ ತಿಳಿಯುವುದನ್ನು ಮೊದಲನೆಯದರಲ್ಲಿಯೂ, ತುಂಬಿದ ರಂಗ ಸದ್ದಿಲ್ಲದೆ ಕುಳಿತಿರುವುದನ್ನು ಎರಡನೆಯದರಲ್ಲಿಯೂ ಸೇರಿಸುತ್ತದೆ. ವಾದ ಬಂದಾಗ ತೀರ್ಪು ಹೇಳುವ ಪ್ರಾಶ್ನಿಕರನ್ನೂ ಅದು ಹೆಸರಿಸುತ್ತದೆ: ಯಜ್ಞದ ವಿಷಯಕ್ಕೆ ಯಜ್ಞ ಬಲ್ಲವನು, ಅಭಿನಯಕ್ಕೆ ನರ್ತಕ, ದೇಹದ ನಿಲುವಿನ ಸೌಷ್ಠವಕ್ಕೆ ಬಿಲ್ಲುಗಾರ, ಶೃಂಗಾರಕ್ಕೆ ವೇಶ್ಯೆ. ರಂಗಕ್ಕೆ ಬಂದದ್ದನ್ನು ಬದುಕಿನಲ್ಲಿ ಬಲ್ಲವರಿಗೇ ತೀರ್ಪಿನ ಅಧಿಕಾರವೆಂಬ ಈ ನಿಯಮ ಇಂದಿನ ಪ್ರಾಯೋಗಿಕ ಪರೀಕ್ಷೆಗಿಂತ ಉದಾರವಾದುದು. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ವ್ಯಾಪಾರಿಯನ್ನೋ ಹಲಸೂರಿನ ಹೂ ಮಾರುವವಳನ್ನೋ ವಿದ್ಯಾರ್ಥಿಯೊಬ್ಬನು ಆಡಿ ತೋರಿಸುವಾಗ, ಬಾಹ್ಯ ಪರೀಕ್ಷಕರ ಪಕ್ಕದಲ್ಲಿ ಆ ಕಸುಬಿನವರೊಬ್ಬರಿಗೂ ಕುರ್ಚಿ ಹಾಕಿ, ಅವರ ಮಾತಿಗೂ ಅಂಕಪಟ್ಟಿಯಲ್ಲಿ ಒಂದು ಪಾಲನ್ನು ಪಠ್ಯಕ್ರಮ ಮಂಡಳಿಗಳು ಗೊತ್ತುಪಡಿಸಬೇಕು.