ಒಪ್ಪಿಯೇ ಹೋದ್ದ್ ಅಲ್ದಾ?

ಕರ್ನಾಟಕದ ಹಳೇ ಹೋಟೆಲುಗಳಲ್ಲಿ ತಿಂಡಿ ತಂದುಕೊಡುವವನನ್ನು ‘ಮಾಣಿ’ ಅಂತ ಕರೆಯುತ್ತಿದ್ದರು. ನಮ್ಮ ಕುಂದಾಪುರ ಕಡೆ ಮಾಣಿ ಅಂದ್ರೆ ಹುಡುಗ, ಅಷ್ಟೇ. ಮನೆಮಗನನ್ನು ಕರೆಯುವ ಶಬ್ದ ಒಂದು ಕೆಲಸದ ಹೆಸರಾಗಬೇಕಾದರೆ ಎಷ್ಟು ಮಾಣಿಗಳು ಬಸ್ ಹತ್ತಿರಬೇಕು!

ಅವರಲ್ಲಿ ಒಬ್ಬ ಸಿದ್ದಾಪುರದ ಶಾಲೆಯಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ. 2000ನೇ ಇಸವಿ, ಏಳನೇ ಕ್ಲಾಸು ಮುಗಿದ ಬೇಸಿಗೆ. ದೂರದ ನೆಂಟರೊಬ್ಬರು ಬಂದು ಅವನನ್ನು ಬೊಂಬಾಯಿಯ ಹೋಟೆಲಿಗೆ ಕರ್ಕೊಂಡು ಹೋದರು. ಮಾಡಿಗೆ ಹಂಚು ಹಾಕಿಸಲಿಕ್ಕೆ ಅವನ ಅಪ್ಪ ಮುಂಗಡ ತಗೊಂಡಿದ್ದರು. ಅಂವ ಹೊಸ ಅಂಗಿ ಹಾಕಿ ನಗ್ತಾ ಬಸ್ ಹತ್ತಿದ್ದನ್ನು ನಾನೇ ನೋಡಿದ್ದೇನೆ. ನನಗೆ ಹೊಟ್ಟೆಕಿಚ್ಚೂ ಆಗಿತ್ತು. ಮರುವರ್ಷ ಊರಿಗೆ ಹೋಗ್ತೇನೆ ಅಂದಾಗ ‘ಲೆಕ್ಕ ಚುಕ್ತಾ ಆಗ್ಲಿಲ್ಲ’ ಅಂತ ಬಿಡಲಿಲ್ಲವಂತೆ. ಮೂರು ವರ್ಷ ಕಳೆದು ಬಂದ. ಶಾಲೆಗೆ ಮಾತ್ರ ಮತ್ತೆ ಬರಲಿಲ್ಲ. ಊರಿನವರದ್ದು ಒಂದೇ ಮಾತು: “ಯಾರೂ ಎಳ್ಕಂಡ್ ಹೋಯ್ಲಿಲ್ಲ. ಒಪ್ಪಿಯೇ ಹೋದ್ದ್ ಅಲ್ದಾ?”

ಹೋಟೆಲ್ ಕೆಲಸವನ್ನು ಹೀಗಳೆಯಲಿಕ್ಕೆ ಇದನ್ನು ಬರೆಯುತ್ತಿಲ್ಲ. ಹಗಲು ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ, ಕಡೆಗೆ ಸ್ವಂತ ಹೋಟೆಲ್ ಇಟ್ಟವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರೂ ಒಪ್ಪಿಯೇ ಹೋದವರು. ಹಾಗಾದ್ರೆ ವ್ಯತ್ಯಾಸ ಎಲ್ಲಿ? ವರ್ಷಗಳ ನಂತರ ಅವನನ್ನೇ ಕೇಳಿದೆ. “ಹೋಪುಕೆ ಒಪ್ದೆ. ಬಪ್ಪುಕೆ ಯಾರ್ ಬಿಟ್ರ್ ಮಾರಾಯ?” ಅಂದ.

ಕಾನೂನು ಈ ವಿಷಯದಲ್ಲಿ ನಮ್ಮೂರಿಗಿಂತ ಮುಂದೆ ಇದೆ. ಸಂವಿಧಾನದ 23ನೇ ವಿಧಿ ಮನುಷ್ಯರ ಸಾಗಣೆಯನ್ನು ನಿಷೇಧಿಸಿದೆ. ಮುಂಗಡ ತೀರುವ ತನಕ ಬಿಡೋದಿಲ್ಲ ಅಂದ್ರೆ ಅದು 1976ರ ಕಾಯ್ದೆ ಪ್ರಕಾರ ಜೀತ, ಆ ಸಾಲವೇ ರದ್ದು. ಹೋಟೆಲುಗಳಲ್ಲಿ 14 ವರ್ಷದೊಳಗಿನ ಮಕ್ಕಳ ದುಡಿಮೆಗೆ ನಿಷೇಧ ಬಂದದ್ದು 2006ರ ಅಕ್ಟೋಬರ್ 10ಕ್ಕೆ. 2013ರಲ್ಲಿ ಐಪಿಸಿಯ 370ನೇ ಕಲಂ ಬದಲಾಯಿತು, ಈಗ ಅದೇ ಭಾರತೀಯ ನ್ಯಾಯ ಸಂಹಿತೆಯ 143. ಶೋಷಣೆಗಾಗಿ ಮೋಸ, ಬಲವಂತ, ಆಮಿಷದಿಂದ ಕರ್ಕೊಂಡು ಹೋದರೆ ಸಾಗಣೆ ಅನ್ನುತ್ತದೆ ಅದು. ಮನೆಯ ಹಿರಿಯರಿಗೆ ದುಡ್ಡು ಕೊಟ್ಟು ಒಪ್ಪಿಸುವುದೂ ಅದರಲ್ಲಿ ಸೇರಿದೆ. ಸಿಕ್ಕಿಬಿದ್ದವರ ಒಪ್ಪಿಗೆ ಲೆಕ್ಕಕ್ಕೇ ಬರುವುದಿಲ್ಲ.

ಮೊದಲ ಸಲ ಓದಿದಾಗ ಇದು ನನಗೆ ಕಿರಿಕಿರಿ ಮಾಡಿತ್ತು. ಪ್ರಾಯಕ್ಕೆ ಬಂದವರ ಮಾತಿಗೆ ಬೆಲೆಯೇ ಇಲ್ವಾ? ಆದರೆ ಒಪ್ಪಿದ್ದು ಯಾವುದಕ್ಕೆ? ಹೇಳಿದ ಕಥೆಗೆ. ಆಮೇಲೆ ನಡೆದದ್ದಕ್ಕೆ ಯಾರೂ ಅವರನ್ನು ಕೇಳಲಿಲ್ಲ. ಇಷ್ಟು ಅರ್ಥವಾಗಿತ್ತು ಅಂದುಕೊಂಡಿದ್ದೆ.

2025ರ ಏಪ್ರಿಲಿನಲ್ಲಿ ಊರಿಂದ ಚಿಕ್ಕಮ್ಮನ ವರಸೆಯವರೊಬ್ಬರು ಫೋನ್ ಮಾಡಿದರು. ಡಿಗ್ರಿ ಮುಗಿಸಿದ ಮಗನಿಗೆ ಥಾಯ್ಲೆಂಡಲ್ಲಿ ಡೇಟಾ ಎಂಟ್ರಿ ಕೆಲಸ. “ನೀನ್ ಕಂಪ್ಯೂಟರಿನವ, ಸರಿ ಇತ್ತಾ ಕಾಣ್ ಮಗಾ.” ಮೀಟಿಂಗಲ್ಲಿದ್ದೆ. “ಅವನಿಗೆ ಒಪ್ಪಿಗೆ ಇದ್ರೆ ಹೋಗ್ಲಿ ಚಿಕ್ಕಮ್ಮ, ಅಂವ ಸಣ್ಣವನಾ?” ಅಂದುಬಿಟ್ಟೆ.

ರಾತ್ರಿ ನಿದ್ದೆ ಬರಲಿಲ್ಲ. ಹಿಂದಿನ ತಿಂಗಳಷ್ಟೇ, ಮಾರ್ಚ್ 10ರಂದು, ಸರ್ಕಾರ ವಾಯುಪಡೆಯ ವಿಮಾನ ಕಳಿಸಿ ಥಾಯ್ಲೆಂಡಿನ ಮೇ ಸೋಟ್‌ನಿಂದ 283 ಭಾರತೀಯರನ್ನು ವಾಪಸ್ ಕರೆಸಿತ್ತು. ಕೆಲಸದ ಆಸೆಗೆ ಹೋಗಿ, ಮ್ಯಾನ್ಮಾರ್ ಗಡಿಯ ವಂಚನೆ ಕೇಂದ್ರಗಳಲ್ಲಿ ಆನ್‌ಲೈನ್ ಮೋಸ ಮಾಡುವ ಕೆಲಸಕ್ಕೆ ಸಿಕ್ಕಿಕೊಂಡವರು. ಬೆಳಿಗ್ಗೆ ಮತ್ತೆ ಫೋನ್ ಮಾಡಿದೆ. 1983ರ ವಲಸೆ ಕಾಯ್ದೆ ಪ್ರಕಾರ ಏಜೆಂಟಿಗೆ ನೋಂದಣಿ ಇರಬೇಕು, ಇ-ಮೈಗ್ರೇಟ್ ಪೋರ್ಟಲಿನಲ್ಲಿ ಅದನ್ನು ನೋಡಬಹುದು. ನಂಬರ್ ಕೇಳಿದ್ದಕ್ಕೆ ಏಜೆಂಟ್ “ಟೂರಿಸ್ಟ್ ಆಗಿ ಹೋಗ್ಲಿ, ಪೇಪರೆಲ್ಲ ಅಲ್ಲಿ ಮಾಡಿಸುವಾ” ಅಂದ. ಮತ್ತೆ ಫೋನ್ ಎತ್ತಲಿಲ್ಲ. ಹುಡುಗ ಹೋಗಲಿಲ್ಲ. ನನ್ನ ಹತ್ರ ಇನ್ನೂ ಮಾತಾಡುವುದಿಲ್ಲ.

ನಮ್ಮ ಪ್ರಾಜೆಕ್ಟುಗಳಲ್ಲಿ ತಪ್ಪು ಹೆಚ್ಚಾಗಿ ಸಿಗುವುದು ಒಂದು ತಂಡ ಇನ್ನೊಂದಕ್ಕೆ ಕೆಲಸ ದಾಟಿಸುವ ಜಾಗದಲ್ಲಿ. ಇಲ್ಲೂ ಹಾಗೆಯೇ. ಬಿಡಿಸಿ ತರಲು ಪೊಲೀಸರು. ಮಗುವಾದರೆ ಮಕ್ಕಳ ಕಲ್ಯಾಣ ಸಮಿತಿ, ಹೆಣ್ಣಾದರೆ ಶಕ್ತಿ ಸದನ. ಜೀತವಾದರೆ ಬಿಡುಗಡೆ ಪತ್ರ ಕೊಡುವವರು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ. ಆ ಪತ್ರ ಇಲ್ಲದಿದ್ದರೆ ಪುನರ್ವಸತಿ ದುಡ್ಡಿನ ದಾರಿಯೇ ತೆರೆಯುವುದಿಲ್ಲ. ದುಡಿದದ್ದು ಮುಂಬೈ, ಬದುಕು ಕಟ್ಟಬೇಕಾದ್ದು ಸಿದ್ದಾಪುರ. ಎರಡು ರಾಜ್ಯದ ಕಡತಗಳು ಮಾತಾಡಬೇಕು. ಒಂದೊಂದು ಮೇಜಿನ ಹಿಂದೆಯೂ ಒಬ್ಬರು “ನೀನೇ ಒಪ್ಪಿ ಹೋದದ್ದಲ್ವಾ?” ಅಂತ ಕೇಳಿದರೆ ಸಾಕು, ಮನುಷ್ಯ ನಡುವೆಯೇ ಬಿದ್ದುಹೋಗುತ್ತಾನೆ. ಸಮನ್ವಯ ಅನ್ನುವುದನ್ನು ನಾವು ಆಡಳಿತದ ಮಾತು ಅಂದುಕೊಳ್ಳುತ್ತೇವೆ. ಹೋದವನು ಮನೆ ಮುಟ್ಟುವವರೆಗೆ ಯಾರೂ ಕೈ ಬಿಡಬಾರದು ಅನ್ನುವ ನೀತಿಯೇ ಅದು.

ನಾನೂ ಅಂಥದ್ದೇ ಒಂದು ಮೇಜು. ಮೀಟಿಂಗ್ ನಡುವೆ ಅದೇ ಪ್ರಶ್ನೆ ಕೇಳಿ ಕಡತ ಮುಚ್ಚಿದ್ದೆ.

ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸಾಗಣೆ ತಡೆಯಲು ಕಾವಲು ಸಮಿತಿ ಅಂತ ಒಂದಿದೆ. ಅದರ ಕಡೆಯ ಸಭೆ ಯಾವಾಗ ಆಯ್ತು ಅಂತ ಮುಂದಿನ ಸಲ ಊರಿಗೆ ಹೋದಾಗ ಕೇಳಬೇಕು. ನೀವೂ ನಿಮ್ಮೂರಲ್ಲಿ ಕೇಳಿ. ಮಕ್ಕಳ ವಿಷಯವಾದರೆ 1098, ಹೆಂಗಸರದ್ದಾದರೆ 181 ಬರೆದಿಟ್ಟುಕೊಳ್ಳಿ. ಊರಿಂದ ಯಾರಾದ್ರೂ ಮಗನ ಕೆಲಸದ ಬಗ್ಗೆ ಫೋನ್ ಮಾಡಿದ್ರೆ, ಮೀಟಿಂಗಿಂದ ಎದ್ದು ಹೊರಗೆ ಬಂದು ಮಾತಾಡಿ.